ಘಟ್ಟದಲ್ಲಿ ವ್ಯಾನ್ ಕೆಟ್ಟು ನಿಂತರೆ ಎತ್ತೋಕೆ ಯಾರು ಬರುತ್ತಾರೆ?

ಪ್ರಶ್ನೆ: ನಾವು ಶಿರಸಿಯವರು. ಹಳೆಯ ಫೋರ್ಸ್ ಟ್ರಾವೆಲರ್ ಕೊಂಡು ಒಳಗೆ ಮಂಚ, ಸಿಂಕ್, ಸಣ್ಣ ಫ್ರಿಜ್ ಹಾಕಿಸಿದ್ದೇವೆ. ಅಡಿಕೆ ಕೊಯ್ಲು ಮುಗಿದ ಮೇಲೆ ಗಂಡ ಹೆಂಡತಿ ಊರು ಸುತ್ತುವ ಯೋಚನೆ. ಮಾರ್ಚ್ ಕೊನೆಗೆ ನೇಪಾಳದ ಮುಕ್ತಿನಾಥಕ್ಕೆ ಹೋಗಬೇಕು. ಆಮೇಲೆ ಜರ್ಮನಿಯಲ್ಲಿರುವ ಮಗನ ಕ್ಯಾಂಪರ್‌ವ್ಯಾನ್‌ನಲ್ಲಿ ಫ್ರಾನ್ಸ್ ನೋಡುವ ಆಸೆ. ‘ಕಾಂಪ್ರಹೆನ್ಸಿವ್ ಇನ್ಶೂರೆನ್ಸ್ ಇದೆ, ಎಲ್ಲಾ ಬರುತ್ತೆ’ ಅಂತ ಏಜೆಂಟರು ಹೇಳುತ್ತಾರೆ. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ನಿಜವಾಗಿ ಏನು ಬರುತ್ತದೆ? ಎಲ್ಲಾ ಕಡೆಗೂ ಒಂದೇ ಕವರ್ ಸಿಗುತ್ತದಾ?

ಉತ್ತರ: ಎಲ್ಲಾ ಕಡೆಗೂ ಒಂದೇ ಕವರ್ ಸಿಗುವುದಿಲ್ಲ. ಊರಿಗೆ ಒಂದು, ನೇಪಾಳಕ್ಕೆ ಒಂದು, ಯುರೋಪಿಗೆ ಇನ್ನೊಂದು ಏರ್ಪಾಡು ಬೇಕು. ಮೊದಲು ಏಜೆಂಟರ ಮಾತು ನೋಡೋಣ.

ಕಾಂಪ್ರಹೆನ್ಸಿವ್ ಪಾಲಿಸಿ ಇರುವುದು ಅಪಘಾತ, ಕಳವು, ಬೆಂಕಿ, ನೆರೆಯಂಥ ಹಾನಿಗೆ. ಯಂತ್ರದ ಅಥವಾ ವಿದ್ಯುತ್ ಭಾಗದ ಕೆಡುಕು ಇದರಲ್ಲಿ ಸೇರುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಕ್ಲಚ್ ಪ್ಲೇಟ್ ಸುಟ್ಟರೆ ಅದು ಅಪಘಾತವಲ್ಲ. ಅಪಘಾತವೇ ಆದರೂ, ಗಾಡಿ ಎಳೆಸಲು ಹಳೆಯ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಖಾಸಗಿ ಕಾರಿಗೆ ಕೊಡುತ್ತಿದ್ದುದು 1500 ರೂಪಾಯಿಯವರೆಗೆ ಮಾತ್ರ. ಹಾಗಾಗಿ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ನೆರವು ಕಳಿಸುವ ಸೇವೆಯನ್ನು ಬೇರೆಯಾಗಿಯೇ ತೆಗೆದುಕೊಳ್ಳಬೇಕು. ಇನ್ಶೂರೆನ್ಸ್ ಜೊತೆ ಆ್ಯಡ್-ಆನ್ ಆಗಿ ಸಿಗುತ್ತದೆ. ಗಾಡಿ ಕಂಪನಿಯಿಂದಲೂ ಸಿಗುತ್ತದೆ. ಇದನ್ನೇ ಮಾರುವ ಬೇರೆ ಸಂಸ್ಥೆಗಳೂ ಇವೆ.

ಯಾವುದು ಒಳ್ಳೆಯದು ಅಂತ ಎಲ್ಲರೂ ಬೆಲೆ ಹೋಲಿಸಿ ಕೇಳುತ್ತಾರೆ. ನಾನು ಮೊದಲು ಕೇಳುವುದು ಆರ್‌ಸಿಯಲ್ಲಿ ಏನು ಬರೆದಿದೆ ಅಂತ. ನಿಮ್ಮ ಟ್ರಾವೆಲರ್ ಆರ್‌ಸಿಯಲ್ಲಿ ಇನ್ನೂ ಪ್ಯಾಸೆಂಜರ್ ಗಾಡಿ ಅಂತಲೇ ಇದ್ದು, ಒಳಗೆ ಸೀಟಿನ ಬದಲು ಮಂಚ ಇದ್ದರೆ, ಕಾಗದ ಒಂದು ಹೇಳುತ್ತದೆ, ಗಾಡಿ ಇನ್ನೊಂದು ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ದಾಖಲಾದ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮಾಲೀಕರು ತಾವಾಗಿ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡ ಇದೆ. ನಿಮ್ಮದು ಕೆಎ-31 ಗಾಡಿಯಾದರೆ ಶಿರಸಿ ಆರ್‌ಟಿಓ ಕಚೇರಿಗೆ ಹೋಗಿ, ಗಾಡಿಯ ವರ್ಗ ಬದಲಿಸಲು ಏನೇನು ಬೇಕು ಅಂತ ಕೇಳಿ. ಅದು ಆದ ಮೇಲೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ, ಪಾಲಿಸಿಯಲ್ಲಿ ಬರೆಸಿಕೊಳ್ಳಿ. ಈ ಕೆಲಸಕ್ಕೆ ಓಡಾಟ ಜಾಸ್ತಿ, ಬೇಜಾರೂ ಆಗುತ್ತದೆ. ಆದರೂ ಬಿಡಬೇಡಿ. ಇದಿಲ್ಲದೆ ಕ್ಲೇಮ್ ನಿಲ್ಲುವುದೇ ಕಷ್ಟ.

ಎರಡನೆಯದು ತೂಕ. ನೀರಿನ ಟ್ಯಾಂಕ್ ತುಂಬಿಸಿ, ಗ್ಯಾಸ್ ಸಿಲಿಂಡರ್ ಇಟ್ಟು, ಇಬ್ಬರೂ ಕೂತು, ಸಾಮಾನೆಲ್ಲಾ ಹೇರಿಕೊಂಡು ಒಂದು ವೇಬ್ರಿಜ್ ಮೇಲೆ ಗಾಡಿ ನಿಲ್ಲಿಸಿ. ನೂರು ಲೀಟರ್ ನೀರು ಅಂದರೆ ನೂರು ಕಿಲೋ, ಅಲ್ವಾ? ಪ್ಲೈವುಡ್, ಬ್ಯಾಟರಿ, ಸೋಲಾರ್ ಪ್ಯಾನೆಲ್ ಸೇರಿ ತೂಕ ಎಲ್ಲಿಗೆ ಹೋಗಿದೆ ಅಂತ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಆ ಚೀಟಿಯನ್ನೂ ಆರ್‌ಸಿಯಲ್ಲಿರುವ ಒಟ್ಟು ತೂಕವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಅಸಿಸ್ಟೆನ್ಸ್ ಪ್ಲಾನ್‌ನ ತೂಕದ ಮಿತಿ ಓದಿ. ಕಾರುಗಳಿಗೆ ಅಂತ ಮಾಡಿದ ಪ್ಲಾನ್ ನಿಮ್ಮ ವ್ಯಾನ್‌ಗೆ ಆಗದೇ ಹೋಗಬಹುದು.

ಎತ್ತರವನ್ನೂ ಟೇಪ್ ಹಿಡಿದು ಅಳೆಯಿರಿ. ವ್ಯಾನ್‌ನ ಎತ್ತರಕ್ಕೆ ಟೋಯಿಂಗ್ ಲಾರಿಯ ಹಲಗೆಯ ಎತ್ತರ ಸೇರಿಸಿದರೆ ಎಷ್ಟಾಗುತ್ತದೆ ನೋಡಿ. ನಮ್ಮ ಕಾಡಿನ ರಸ್ತೆಗಳಲ್ಲಿ ಬಾಗಿದ ಕೊಂಬೆ, ಇಳಿದ ವಿದ್ಯುತ್ ತಂತಿ ಕಡಿಮೆಯೇ? ಟ್ರಾವೆಲರ್‌ಗೆ ಎಂಜಿನ್ನಿನ ಎಳೆತ ಹಿಂದಿನ ಚಕ್ರಕ್ಕೆ. ಟಾಟಾ ವಿಂಗರ್‌ಗೆ ಮುಂದಿನ ಚಕ್ರಕ್ಕೆ. ಕ್ರೇನ್‌ನವರು ಬಂದಾಗ ಇದನ್ನು ಮೊದಲೇ ಹೇಳಿ. ತಪ್ಪು ಕಡೆ ಎತ್ತಿ ದೂರ ಎಳೆದರೆ ಗೇರ್‌ಬಾಕ್ಸ್‌ಗೆ ಪೆಟ್ಟು ಬೀಳುತ್ತದೆ.

ಈಗ ನಮ್ಮ ಜಿಲ್ಲೆಯ ದೊಡ್ಡ ಸಮಸ್ಯೆಗೆ ಬರೋಣ: ದೂರ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಕುಮಟಾಕ್ಕೆ ಸುಮಾರು 60. ಕಾರವಾರದಿಂದ ಹುಬ್ಬಳ್ಳಿ 160 ದಾಟುತ್ತದೆ, ಮಂಗಳೂರು ಸುಮಾರು 270. ಉಚಿತ ಟೋಯಿಂಗ್ 50 ಕಿ.ಮೀ.ವರೆಗೆ ಅನ್ನುವ ಪ್ಲಾನ್ ಬೆಂಗಳೂರಿನವರಿಗೆ ಸಾಕು, ನಮಗೆ ಸಾಲದು. ಕನಿಷ್ಠ 100 ಕಿ.ಮೀ. ಇರುವುದನ್ನೇ ಹುಡುಕಿ. ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಆ ಲೆಕ್ಕ ಲಾರಿ ಹೊರಟಲ್ಲಿಂದಲೋ, ನಿಮ್ಮ ಗಾಡಿ ನಿಂತಲ್ಲಿಂದಲೋ ಅಂತ ಬರಹದಲ್ಲಿ ಕೇಳಿ. ಹುಬ್ಬಳ್ಳಿಯಿಂದ ಖಾಲಿ ಬರುವ ದೂರವನ್ನೂ ಸೇರಿಸಿದರೆ, ನಿಮ್ಮ ಮಿತಿ ಗಾಡಿ ಎತ್ತುವ ಮೊದಲೇ ಮುಗಿದಿರುತ್ತದೆ. ಕೊಳ್ಳುವ ಮುಂಚೆ ಸಹಾಯವಾಣಿಗೆ ಫೋನ್ ಮಾಡಿ, ‘ಇಷ್ಟು ತೂಕದ ವ್ಯಾನ್ ದೇವಿಮನೆಯಲ್ಲಿ ನಿಂತಿದೆ ಅಂದುಕೊಳ್ಳಿ, ಗಾಡಿ ಯಾವ ಊರಿಂದ ಕಳಿಸ್ತೀರಿ?’ ಅಂತ ಕೇಳಿ. ಊರಿನ ಹೆಸರು ಹೇಳಲು ಬಾರದವರ ಪ್ಲಾನ್ ನಾನಂತೂ ತೆಗೆದುಕೊಳ್ಳುವುದಿಲ್ಲ.

ಮಳೆಗಾಲದಲ್ಲಿ ದೂರದ ಅರ್ಥವೇ ಬೇರೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ 66 ಬಂದಾಯಿತು. ಅದೇ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಇಂಥ ಹೊತ್ತಲ್ಲಿ ಟೋಯಿಂಗ್ ಲಾರಿ ಸುತ್ತು ಹಾಕಿಯೇ ಬರಬೇಕು. ಆ ಸುತ್ತಿನ ಹಣ ಯಾರದು ಅಂತಲೂ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಾಡುವವರು ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಕೂಡ ಹಾಕಿಸಿ. ನೀರು ನಿಂತ ರಸ್ತೆಯಲ್ಲಿ ಎಂಜಿನ್ ಒಳಗೆ ನೀರು ಹೋದರೆ, ಇದು ಇಲ್ಲದೆ ರಿಪೇರಿ ಹಣ ಸಿಗುವುದು ಕಷ್ಟ. ಹಾಗೆ ನಿಂತ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಫೋನ್ ಮಾಡಬಹುದು. ಅವರ ಕ್ರೇನ್ ನಿಮ್ಮನ್ನು ಅಪಾಯದ ಜಾಗದಿಂದ ಪಕ್ಕಕ್ಕೆ ಸರಿಸುತ್ತದೆ. ಗ್ಯಾರೇಜ್‌ವರೆಗೆ ಬರುತ್ತದೆ ಅಂದುಕೊಳ್ಳಬೇಡಿ. ಘಟ್ಟದಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಆ್ಯಪ್ ಇದ್ದರೂ ಸುಮ್ನೆ. ಸಹಾಯವಾಣಿಯ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ದಾಟಿ ಬಂದ ಕಿಲೋಮೀಟರ್ ಕಲ್ಲು ನೆನಪಿಡಿ.

ಇನ್ನೊಂದು ಮಾತು. ಕಾರು ಕೆಟ್ಟರೆ ಕಾರು ಮಾತ್ರ ಹೋಯಿತು. ನಿಮ್ಮದು ಕೆಟ್ಟರೆ ಮಲಗುವ ಜಾಗವೂ ಗ್ಯಾರೇಜಿಗೆ ಹೋಗುತ್ತದೆ. ಆದ್ದರಿಂದ ಟ್ಯಾಕ್ಸಿ ಮತ್ತು ಹೋಟೆಲ್ ಖರ್ಚು ಕೊಡುವ ಪ್ಲಾನ್‌ಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಸರಿಯೇ. ಒಳಗಿನ ಫ್ರಿಜ್, ಇನ್ವರ್ಟರ್, ನೀರಿನ ಪಂಪ್ ಕೈಕೊಟ್ಟರೆ ಇವರು ಬರುವುದಿಲ್ಲ. ಎಂಜಿನ್ ಬ್ಯಾಟರಿ ಇಳಿದರೆ ಬರುತ್ತಾರೆ.

ನೇಪಾಳದ ವಿಷಯ. ಭಾರತದ ಪಾಲಿಸಿ ಭಾರತಕ್ಕೆ ಮಾತ್ರ. ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೂ ವಿಸ್ತರಿಸಬಹುದು. ಹೊರಡುವ ಮೊದಲೇ ಇದನ್ನು ಮಾಡಿಸಿ. ಆದರೆ ಹೀಗೆ ವಿಸ್ತರಿಸುವುದು ಇನ್ಶೂರೆನ್ಸನ್ನು ಮಾತ್ರ. ರೋಡ್‌ಸೈಡ್ ಅಸಿಸ್ಟೆನ್ಸ್ ಸಾಮಾನ್ಯವಾಗಿ ಗಡಿಯಲ್ಲೇ ನಿಂತುಬಿಡುತ್ತದೆ. ಅಲ್ಲಿ ನಿಮಗೆ ದಿಕ್ಕು ಕೈಯಲ್ಲಿರುವ ಹಣ ಮತ್ತು ಊರಿನ ಮೆಕ್ಯಾನಿಕ್. ಫ್ಯಾನ್ ಬೆಲ್ಟ್, ಡೀಸೆಲ್ ಫಿಲ್ಟರ್, ಫ್ಯೂಸ್, ಒಳ್ಳೆಯ ಸ್ಟೆಪ್ನಿ, ಗಾಡಿಯ ತೂಕಕ್ಕೆ ತಕ್ಕ ಜಾಕ್ ಇಟ್ಟುಕೊಳ್ಳಿ. ಗಡಿಯಲ್ಲಿ ಭನ್ಸಾರ್ ಮಾಡಿಸಬೇಕು, ಅಂದರೆ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಗಾಡಿಗೆ ಪರವಾನಗಿ. ಗಾಡಿ ಕೆಟ್ಟು ನಿಂತ ದಿನವೂ ಆ ಲೆಕ್ಕಕ್ಕೇ ಸೇರುತ್ತದೆ, ಹಾಗಾಗಿ ನಾಲ್ಕು ದಿನ ಹೆಚ್ಚೇ ಬರೆಸಿ. ಮುಕ್ತಿನಾಥ 3700 ಮೀಟರ್‌ಗೂ ಎತ್ತರದಲ್ಲಿದೆ, ಮೇಲಿನ ದಾರಿ ಒರಟು. ನನ್ನ ಸಲಹೆ ಕೇಳಿದರೆ ವ್ಯಾನನ್ನು ಪೋಖರಾದಲ್ಲಿ ಬಿಟ್ಟು ಅಲ್ಲಿನ ಜೀಪಿನಲ್ಲಿ ಹೋಗಿ ಬನ್ನಿ.

ಜರ್ಮನಿಯಲ್ಲಿ ಮಗನನ್ನು ಕೇಳಬೇಕಾದ ಪ್ರಶ್ನೆ ಒಂದೇ: ಕವರ್ ಇರುವುದು ಅವನಿಗಾ, ವ್ಯಾನ್‌ಗಾ? ಅಲ್ಲಿ 1903ರಲ್ಲಿ ಶುರುವಾದ ಎಡಿಎಸಿ ಅನ್ನುವ ದೊಡ್ಡ ಮೋಟಾರು ಸಂಘ ಇದೆ. ಅದರ ಸದಸ್ಯತ್ವ ವ್ಯಕ್ತಿಗೆ ಸೇರಿದ್ದು. ಮಗ ಆಫೀಸಿಗೆ ಹೋಗಿ, ನೀವಿಬ್ಬರೇ ವ್ಯಾನ್ ತೆಗೆದುಕೊಂಡು ಹೊರಟರೆ ಅವನ ಸದಸ್ಯತ್ವ ನಿಮಗೆ ನೆರವಾಗುತ್ತದೆ ಅಂತ ನಂಬಬೇಡಿ. ಇನ್ಶೂರೆನ್ಸ್ ಕಂಪನಿಗಳು ಕೊಡುವ ‘ಶುಟ್ಸ್‌ಬ್ರೀಫ್’ ಅನ್ನುವ ಅಸಿಸ್ಟೆನ್ಸ್ ಕವರ್ ಗಾಡಿಗೆ ಅಂಟಿಕೊಂಡಿರುತ್ತದೆ, ಯಾರು ಓಡಿಸಿದರೂ ನಡೆಯುತ್ತದೆ. ನಿಮಗೆ ಅದೇ ಸರಿ. ಎಡಿಎಸಿಯೇ ಆದರೆ ಕೆಳಗಿನ ದರ್ಜೆ ಜರ್ಮನಿಗೆ ಮಾತ್ರ, ಅದರ ಮೇಲಿನ ‘ಪ್ಲಸ್’ ಯುರೋಪಿಗೆ.

ಫ್ರಾನ್ಸ್‌ನ ಟೋಲ್ ಹೆದ್ದಾರಿಯಲ್ಲಿ ನಿಮ್ಮ ಕವರ್‌ನವರು ಬಂದು ಎತ್ತುವಂತಿಲ್ಲ. ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಎಸ್‌ಒಎಸ್ ಫೋನಿನಿಂದ ಕರೆದರೆ ಅಲ್ಲಿನ ಅಧಿಕೃತ ಗಾಡಿಯೇ ಬರುತ್ತದೆ, ದರ ಸರ್ಕಾರದ್ದು. ಬಿಲ್ ಇಟ್ಟುಕೊಂಡು ಆಮೇಲೆ ಕವರ್‌ನವರಿಂದ ಕೇಳಬೇಕು. ಹೊಳೆಯುವ ಜಾಕೆಟ್ ಡಿಕ್ಕಿಯಲ್ಲಿರಬಾರದು, ಕೈಗೆ ಸಿಗುವಂತೆ ಸೀಟಿನ ಹತ್ತಿರವೇ ಇರಲಿ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಇಲ್ಲಿ ನಮ್ಮ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ 7500 ಕಿಲೋವರೆಗೆ ನಡೆಯುತ್ತದೆ. ಅಲ್ಲಿ ಕಾರಿನ ಲೈಸೆನ್ಸ್‌ಗೆ ಸಾಮಾನ್ಯ ಮಿತಿ 3500 ಕಿಲೋ. ಮಗನ ವ್ಯಾನ್ ಅದಕ್ಕಿಂತ ಭಾರವಾದರೆ ನೀವು ಓಡಿಸಬೇಡಿ. ವೀಸಾಕ್ಕೆ ಅಂತ ಮಾಡಿಸುವ 30,000 ಯೂರೋ ವೈದ್ಯಕೀಯ ಇನ್ಶೂರೆನ್ಸ್ ನಿಮ್ಮ ಆರೋಗ್ಯಕ್ಕೆ, ವ್ಯಾನ್‌ಗಲ್ಲ.

ಪ್ರಶ್ನೆ: ಗೋಕರ್ಣದ ಹತ್ತಿರ ಕಡಲ ತೀರದಲ್ಲಿ ನಮ್ಮ ವ್ಯಾನ್ ಮರಳಲ್ಲಿ ಹೂತುಹೋಯಿತು. ರೋಡ್‌ಸೈಡ್ ಅಸಿಸ್ಟೆನ್ಸ್‌ನವರು ಬರಲು ಒಪ್ಪಲಿಲ್ಲ. ಇದು ಸರಿಯಾ?
— ಓದುಗರು, ಕಾರವಾರ

ಉತ್ತರ: ಬೇಸರದ ವಿಷಯ, ಆದರೆ ಪ್ಲಾನ್ ಪ್ರಕಾರ ಅವರು ಹೇಳಿದ್ದು ಸರಿಯೇ ಇರಬಹುದು. ಗಾಡಿ ಓಡುವ ರಸ್ತೆಯಲ್ಲಿ ನಿಂತರೆ ಮಾತ್ರ ಸೇವೆ ಅಂತ ಹೆಚ್ಚಿನ ಪ್ಲಾನ್‌ಗಳಲ್ಲಿ ಇರುತ್ತದೆ. ಮರಳು, ಗದ್ದೆ, ಹೊಳೆ ಇದರಲ್ಲಿ ಬರುವುದಿಲ್ಲ. ಹೂತ ಕೂಡಲೇ ಆಕ್ಸಿಲರೇಟರ್ ಒತ್ತುವುದು ನಿಲ್ಲಿಸಿ, ಚಕ್ರ ಇನ್ನೂ ಆಳಕ್ಕೆ ಇಳಿಯುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದಿನ ಮರಳು ತೆಗೆದು ಹಲಗೆ ಕೊಡಿ. ಜೆಸಿಬಿಯಿಂದ ಎಳೆಸುವುದಾದರೆ ಹಗ್ಗವನ್ನು ಗಾಡಿಯ ಟೋ ಹುಕ್‌ಗೇ ಕಟ್ಟಿಸಿ, ಬಂಪರ್‌ಗೆ ಬೇಡ. ಹೊತ್ತು ಕಳೆಯಬೇಡಿ. ಇಳಿತದಲ್ಲಿ ನಿಲ್ಲಿಸಿದ ಜಾಗಕ್ಕೆ ಸುಮಾರು ಆರು ಗಂಟೆಯೊಳಗೆ ಭರತ ಬರುತ್ತದೆ. ಗಾಡಿ ಹೊರಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ ತೊಳೆಸಿ.

ಪ್ರಶ್ನೆ: ನಾನು ಭಟ್ಕಳದವನು, ದುಬೈನಲ್ಲಿದ್ದೇನೆ. ಮನೆಯವರನ್ನು ಕರೆದುಕೊಂಡು ಬಾಡಿಗೆ ಕ್ಯಾಂಪರ್‌ನಲ್ಲಿ ಒಮಾನ್‌ನ ಸಲಾಲಾಕ್ಕೆ ಹೋಗಬೇಕು. ಯಾವ ಕವರ್ ನೋಡಲಿ?

ಉತ್ತರ: ಬಾಡಿಗೆ ಕಂಪನಿಯಿಂದ ಗಾಡಿಯನ್ನು ಗಡಿ ದಾಟಿಸಲು ಒಪ್ಪಿಗೆ ಪತ್ರ, ಒಮಾನ್‌ಗೆ ನಡೆಯುವ ಇನ್ಶೂರೆನ್ಸ್‌ನ ಆರೆಂಜ್ ಕಾರ್ಡ್, ಎರಡೂ ಕೈಯಲ್ಲಿರಬೇಕು. ಅಸಿಸ್ಟೆನ್ಸ್ ಯುಎಇ ಒಳಗೆ ಮಾತ್ರವಾ, ಒಮಾನ್‌ನಲ್ಲೂ ಇದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ದುಬೈನಿಂದ ಸಲಾಲಾ ಸುಮಾರು 1200 ಕಿ.ಮೀ. ಅದರಲ್ಲಿ ಹೈಮಾದಿಂದ ತುಮ್ರೈತ್‌ವರೆಗೆ ಮರುಭೂಮಿಯೇ. ಅಲ್ಲಿ 50 ಕಿ.ಮೀ. ಟೋಯಿಂಗ್‌ನಿಂದ ಏನೂ ಆಗುವುದಿಲ್ಲ. ಬಾಡಿಗೆ ಕರಾರಿನಲ್ಲಿ ಟೈರ್, ಗಾಜು, ಕೀ, ತಪ್ಪು ಇಂಧನ ಇವು ಯಾರ ಖರ್ಚು ಅಂತ ಸಹಿ ಹಾಕುವ ಮೊದಲೇ ಓದಿ. ಸಾಮಾನ್ಯವಾಗಿ ಈ ನಾಲ್ಕೂ ಬಾಡಿಗೆಗೆ ಪಡೆದವರ ಮೇಲೇ ಬರುತ್ತವೆ. ಆ ಬಿಸಿಲಲ್ಲಿ ಹಳೆಯ ಟೈರ್ ಒಡೆಯುವ ಸಾಧ್ಯತೆ ಹೆಚ್ಚು. ಗಾಡಿ ಪಡೆಯುವಾಗ ಸ್ಟೆಪ್ನಿ ಸೇರಿ ಎಲ್ಲಾ ಟೈರಿನ ತಯಾರಿಕೆ ವಾರ ಮತ್ತು ವರ್ಷ ನೋಡಿ, ಫೋಟೊ ತೆಗೆದುಕೊಳ್ಳಿ.