ಗೌಜಿ ಅಂದರೆ ಬರೀ ಗಲಾಟೆಯೇ?

ಪತ್ರ: ಕಳೆದ ಸಂಚಿಕೆಯಲ್ಲಿ ‘ಮದುವೆ ಗೌಜಿ’ ಎಂದು ಅಚ್ಚಾಗಿದೆ. ಗೌಜಿ ಎಂದರೆ ಗಲಾಟೆ. ‘ವಿವಾಹ ಸಂಭ್ರಮಾಚರಣೆ’ ಎಂದು ಶುದ್ಧವಾಗಿ ಬರೆಯಬಾರದಿತ್ತೇ? – ಓದುಗರೊಬ್ಬರು, ಕುಂಬಳೆ

ಉತ್ತರ: ಗೌಜು ಅಂದರೆ ಗದ್ದಲ, ನಿಜ. ಮಕ್ಕಳನ್ನು ‘ಗೌಜಿ ಮಾಡಬೇಡಿ’ ಎಂದು ಗದರುವುದೂ ಉಂಟು. ಆದರೆ ನೀವು ಶುದ್ಧವೆಂದು ಎತ್ತಿ ಹಿಡಿದ ಸಂಭ್ರಮದ ಕುಲಗೋತ್ರವನ್ನೂ ಸ್ವಲ್ಪ ವಿಚಾರಿಸೋಣ. ಅದು ಭ್ರಮೆ, ಭ್ರಮಣಗಳ ದಾಯಾದಿ. ಅಮರಕೋಶ ಅದಕ್ಕೆ ಕೊಡುವ ಅರ್ಥ ‘ತ್ವರಾ’, ಅಂದರೆ ಗಡಿಬಿಡಿ. ಮಲಯಾಳದಲ್ಲಿ ಸಂಭ್ರಮವೆಂದರೆ ಇವತ್ತಿಗೂ ಕಳವಳ, ದಿಗಿಲು. ನಿಮ್ಮ ‘ವಿವಾಹ ಸಂಭ್ರಮ’ವನ್ನು ನೆರೆಮನೆಯ ಮಲಯಾಳಿಗೆ ಓದಿ ಹೇಳಿದರೆ, ಹುಡುಗ ಓಡಿಹೋದನೋ ಎಂದು ಕೇಳಿಯಾರು! ನಮ್ಮ ಸಂಭ್ರಮಕ್ಕೆ ಅವರು ಹೇಳುವ ‘ಆಘೋಷ’ವೂ ಮೂಲದಲ್ಲಿ ಘೋಷವೇ, ಕೂಗೇ. ಮೂರೂ ಗದ್ದಲದ ಮನೆಯಿಂದ ಬಂದವು; ಗೌಜಿಯೊಂದನ್ನೇ ಅಂಗಳದಲ್ಲಿ ನಿಲ್ಲಿಸುವುದೇಕೆ?

ನಮ್ಮ ಕಾಸರಗೋಡಿನವರು ಅಳೆದೇ ಮಾತಾಡುತ್ತಾರೆ. ಕಾರ್ಯ ಯಾವುದೇ ಇರಲಿ, ಅದು ಜೆಂಬ್ರ. ಮುನ್ನಾದಿನ ರಾತ್ರಿ ಚಪ್ಪರದಡಿ ನೆರೆಕರೆಯವರು ಸಾಲಾಗಿ ಕೂತು ಬೆಂದಿಗೆ, ಅಂದರೆ ಮೇಲೋಗರಕ್ಕೆ, ತರಕಾರಿ ಕೊರೆಯುತ್ತಿರುತ್ತಾರೆ. ಒಂದು ಕಡೆ ಕಾಯಿ ತುರಿಯುವ ಸದ್ದು, ಇನ್ನೊಂದು ಕಡೆ ಸೌದೆ ಸಾಲದೆಂದು ಅಡಿಗೆಯವರ ಬೊಬ್ಬೆ, ಕಾಲಡಿಗೆ ಸಿಕ್ಕುವ ಮಕ್ಕಳು. ಅದು ಗೌಜಿ. ಮರುದಿನ ಹೋಳಿಗೆಯ ಮೇಲೆ ಹೋಳಿಗೆ ಬಿದ್ದರೆ ಗಮ್ಮತ್ತು (ಇದು ಮರಾಠಿಯ ಗಮ್ಮತ್, ಬಂದ ನೆಂಟ ಮನೆಯವನೇ ಆದ). ತಿಥಿಯೂ ಜೆಂಬ್ರವೇ, ಊಟವೂ ಗಡದ್ದೇ. ಆದರೆ ಅಲ್ಲಿ ‘ಭಾರೀ ಗೌಜಿ’ ಅಂದು ನೋಡಿ, ಎಲೆಯ ಮುಂದಿನಿಂದಲೇ ಎಬ್ಬಿಸಿಯಾರು. ಅಣ್ಣತಮ್ಮಂದಿರು ಪಾಲಿನ ವಿಷಯ ತೆಗೆದು ಕೂಗಾಡಿದರೆ ಅದು ಗಲಾಟೆ, ಲಡಾಯಿ, ಗೌಜಿಯಲ್ಲ.

ಇನ್ನು ‘ಸಂಭ್ರಮಾಚರಣೆ’. ಹಬ್ಬವನ್ನು ಆಚರಿಸುತ್ತೇವೆ, ಸಂಭ್ರಮ ಪಡುತ್ತೇವೆ. ಸಂಭ್ರಮವನ್ನೇ ಆಚರಿಸುವುದು ಹೇಗೆ? ‘ಸಂಭ್ರಮದಿಂದ ಆಚರಿಸಿದರು’ ಎಂಬ ನೇರ ಮಾತನ್ನು ಶೀರ್ಷಿಕೆಯ ಜಾಗಕ್ಕೆ ತುರುಕಲು ಹೊಲಿದ ಅಂಗಿ ಅದು. ಕ್ರಿಕೆಟ್ ಗೆದ್ದರೂ ಅದೇ ಅಂಗಿ, ಚುನಾವಣೆ ಗೆದ್ದರೂ ಅದೇ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡಕ್ಕೆ ಎರಡು ಕಡೆಯಿಂದಲೂ ಒತ್ತಡ. ಇತ್ತ ನೋಟೀಸುಗಳಲ್ಲಿ ‘ಓಣಾಘೋಷ’ ಕನ್ನಡ ಲಿಪಿ ತೊಟ್ಟು ಬರುತ್ತದೆ. ‘ಓಣಂ ಆಚರಣೆ’ ಅನ್ನಲು ಯಾರಿಗೂ ಪುರುಸೊತ್ತಿಲ್ಲ. ಅತ್ತ ಬೆಂಗಳೂರಿನ ಪತ್ರಿಕೆ ಓದಿದ ನಮ್ಮವರೇ ಮನೆಮಾತಿಗೆ ನಾಚುತ್ತಾರೆ. ಅಕ್ಷರಕ್ಕೆ ಕಣ್ಣಿಟ್ಟು ಓದುವ ನೀವೂ ಆ ಸಾಲಿಗೆ ಸೇರಿದಿರಲ್ಲ, ಅದೇ ಬೇಸರ.

ತಿದ್ದುಪಡಿ ಹಾಕುವುದಿಲ್ಲ, ಕ್ಷಮಿಸಿ. ನಿಮ್ಮ ಮನೆಯಲ್ಲಿ ಜೆಂಬ್ರವಿದ್ದರೆ ವರದಿ ಕಳಿಸಿ. ಗೌಜಿ ಅಂತಲೇ ಅಚ್ಚು ಹಾಕುತ್ತೇವೆ.