ದೊಡೊಮಾಕ್ಕ ಬರೂ ತಮ್ಮಗ: ಪುಸ್ತಕದ ಚೀಲ ಊರಾಗ ಬಿಟ್ಟು ಬಾ

ತಮ್ಮಾ, ನೀ ಮುಧೋಳದಿಂದ ಬರದಿದ್ದು ಓದಿದೆ. ತಾಂಜಾನಿಯಾದಾಗ ದೊಡೊಮಾಕ್ಕ ಕೆಲಸ ಸಿಕ್ಕೈತಿ, ಡಿಸೆಂಬರ್‌ಗೆ ಬರ್ತೀನಿ, ಅಲ್ಲೆ ಜೀವನ ಹೆಂಗ, ಮತ್ತ ನೀವೆಲ್ಲಾ ಸೇರಿ ಹಳ್ಳಿ ಸಾಲಿಗೆ ಪುಸ್ತಕ ಕೊಡಾಕ ಹೋಗ್ತೀರಂತ, ನಾನೂ ಊರಿಂದ ಒಂದು ಚೀಲ ಇಂಗ್ಲಿಷ್ ಕಥಿ ಪುಸ್ತಕ ತರಲೇನು ಅಂತ ಕೇಳೀದಿ.

ಜೀವನದ್ದು ಮೊದಲ ಹೇಳಿ ಮುಗಸ್ತೀನಿ. ನಾ ತಿಕೋಟಾದವ, ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆತು, ದೊಡೊಮಾ ನೋಡಿದ ಮೊದಲನೇ ದಿನ ನಮ್ಮ ಊರ ಕಂಡಂಗಾತು, ಒಣಾ ನೆಲ, ಜ್ವಾಳ, ಸಜ್ಜಿ, ಸೇಂಗಾ, ಅದರ ಮ್ಯಾಲ ದ್ರಾಕ್ಷಿ ತ್ವಾಟ ಬ್ಯಾರೆ. ಜ್ವಾಳಕ್ಕ ಇಲ್ಲೆ ಮ್ತಾಮಾ ಅಂತಾರ, ಹಿಟ್ಟ ಸಿಗತೈತಿ, ರೊಟ್ಟಿ ಚಿಂತಿ ಬ್ಯಾಡ. ಡಾರ್ ಎಸ್ ಸಲಾಮ್‌ನಿಂದ 450 ಕಿಲೋಮೀಟರ್ ಹತ್ರ ಆಗತೈತಿ, 2024ರಿಂದ ಕರೆಂಟ್ ರೈಲು ಚಾಲೂ ಆಗೈತಿ, ಅದರಾಗ ಬಾ. ಸೊಳ್ಳಿಪರದಿ ಕಟ್ಕೊಂಡು ಮಲಗು, ಜ್ವರ ಬಂದ್ರ ಅವತ್ತ ಮಲೇರಿಯಾ ಟೆಸ್ಟ್ ಮಾಡಸು, ನಾಳೆ ನೋಡೂಣು ಅನಬ್ಯಾಡ. ಹಿರೇರು ಕಂಡ್ರ ಶಿಕಮೋ ಅನ್ನು. ನಿಮ್ಮ ಕಾಲ ಹಿಡೀತೀನಿ ಅಂತ ಅದರ ಅರ್ಥ, ಅವರು ಮರಹಬಾ ಅಂತಾರ, ಅಷ್ಟಕ್ಕ ನಿನ್ನ ಅರ್ಧ ಕೆಲಸ ಆಗತೈತಿ.

ಇನ್ನ ಪುಸ್ತಕ. ಬ್ಯಾಡ, ತರಬ್ಯಾಡ. ನಿನ್ನ ಮನಸ್ಸು ಛಲೋ ಐತಿ, ಅದಕ್ಕ ಪೂರಾ ಹೇಳತೀನಿ.

ನಾವು ಎಂಟ್ಹತ್ತು ಮಂದಿ ಅದೀವಿ, ವಿಜಯಪುರ ಬೆಳಗಾವಿ ಕಡೇವರು, ಇಬ್ಬರು ಗುಜರಾತಿ ಅಂಗಡಿಯವರು, ಮತ್ತ ಇಲ್ಲಿನವರ ಒಬ್ಬರು ರಿಟೈರ್ ಆದ ಮಾಸ್ತರು. ಮಾಸ್ತರಿಗೆ ಇಲ್ಲೆ ಮ್ವಾಲಿಮು ಅಂತಾರ, ಈ ದೇಶದ ಮೊದಲನೇ ರಾಷ್ಟ್ರಪತಿ ನ್ಯೆರೆರೆ ಅವರಿಗೂ ಮಂದಿ ಇನ್ನೂ ಮ್ವಾಲಿಮು ಅಂತನ ಕರೀತಾರ, ಅವರು ಖರೇನ ಸಾಲಿ ಮಾಸ್ತರ ಆಗಿದ್ರು. ಮೊದಲನೇ ವರ್ಷ ನಾವು ಏನ ಮಾಡಿದ್ವಿ ಅಂದ್ರ, ಹೊರದೇಶದಿಂದ ಯಾರೋ ಕಳಸಿದ್ದ ಇಂಗ್ಲಿಷ್ ಚಿತ್ರದ ಪುಸ್ತಕ ಆರು ಡಬ್ಬಿ ಗಾಡ್ಯಾಗ ಹಾಕ್ಕೊಂಡು ಚಮ್ವಿನೊ ಕಡೆ ಒಂದು ಹಳ್ಳಿಗೆ ಹೋಗಿ ಕೊಟ್ಟು ಬಂದ್ವಿ. ಹುಡುಗೂರು ಹಾಡು ಹಾಡಿದ್ರು, ನಾವು ಫೋಟೋ ತಗಸ್ಕೊಂಡ್ವಿ, ಖುಷಿಯಿಂದ ಬಂದ್ವಿ. ಮುಂದಿನ ವರ್ಷ ಹೋಗಿ ನೋಡಿದ್ರ ಎಲ್ಲಾ ಪುಸ್ತಕ ಕಪಾಟಿನ್ಯಾಗ ಕೀಲಿ ಹಾಕಿ ಇಟ್ಟಾರ, ಕೆಳಗಿನ ಎರಡು ಖಾನೇದ ಪುಸ್ತಕಕ್ಕ ಒರಲಿ ಹತ್ತಿ ಮಣ್ಣಾಗೈತಿ. ನನಗ ಸಿಟ್ಟು ಬಂತು. ಹೆಡ್ ಮಾಸ್ತರು ಸಮಾಧಾನದಿಂದ ಹೇಳಿದ್ರು, ಪುಸ್ತಕ ಹರದ್ರ ಕಳದ್ರ ಉತ್ತರ ಕೊಡಾವ ನಾನು, ಅಷ್ಟಕ್ಕೂ ಇದನ್ನ ಓದಾವರು ನನ್ನ ಸಾಲ್ಯಾಗ ಯಾರದಾರ?

ಅದು ಖರೇ ಮಾತು. ಈ ಕಡೆ ಹಳ್ಳಿ ಹುಡುಗೂರು ಮನ್ಯಾಗ ಗೋಗೊ ಭಾಷಾ ಮಾತಾಡ್ತಾರ, ಸರ್ಕಾರಿ ಪ್ರೈಮರಿ ಸಾಲ್ಯಾಗ ಏಳನೇತನಕ ಸ್ವಾಹಿಲಿ, ಅದಾದ ಮ್ಯಾಲ ಸೆಕೆಂಡರಿಗೆ ಹೋದ ಕೂಡಲೇ ಒಮ್ಮಿಗೇ ಎಲ್ಲಾ ಸಬ್ಜೆಕ್ಟ್ ಇಂಗ್ಲಿಷ್‌ನ್ಯಾಗ. ಮೂರನೇ ಕ್ಲಾಸಿನ ಕೂಸಿಗೆ ಮಂಜು ಬೀಳೂ ದೇಶದ ಇಂಗ್ಲಿಷ್ ಕಥಿ ಕೊಟ್ರ ಅದು ಚಿತ್ರ ನೋಡಿ ಮುಚ್ಚಿಡತೈತಿ, ಮತ್ತೇನ ಮಾಡೀತು. ನಮ್ಮ ಕಡೆ ತಾಂಡಾದ ಹುಡುಗೂರು ನೆನಪ ಮಾಡ್ಕೊ, ಮನ್ಯಾಗ ಲಂಬಾಣಿ, ಸಾಲ್ಯಾಗ ಕನ್ನಡ, ಒಂದನೇತ್ತ್ಯಾಗ ವರ್ಷಗಟ್ಟಲೆ ಸುಮ್ಮನ ಕುಂದರತಿದ್ವು, ದಡ್ಡರಂತ ಬೈಸ್ಕೋತಿದ್ವು.

ಫೀ ಇಲ್ಲಲಾ ಅಂತ ನೀ ಕೇಳಬಹುದು. ಪ್ರೈಮರಿಗೆ 2002ರ ಸುಮಾರಿಗೇ ಫೀ ತಗದಾರ, 2016ರಿಂದ ಸೆಕೆಂಡರಿ ನಾಕನೇ ಫಾರ್ಮ್‌ತನಕೂ ಇಲ್ಲ, ಸೆಕೆಂಡರಿ ಕ್ಲಾಸಿಗೆ ಇಲ್ಲೆ ಫಾರ್ಮ್ ಅಂತಾರ. ಆದ್ರ ಯೂನಿಫಾರ್ಮು, ವಹಿ, ಪೆನ್ನು ಮನೀವರದ್ದ, ಮಳಿ ಕೈಕೊಟ್ಟ ವರ್ಷ ಅದೂ ಭಾರ ಆಗತೈತಿ. ವಹಿಗೆ ಇವರು ದಫ್ತರಿ ಅಂತಾರ ನೋಡು, ನಮ್ಮಲ್ಲೆ ಹಳಬರು ಸಾಲಿಚೀಲಕ್ಕ ದಫ್ತರ ಅಂತಿದ್ರು, ಮೊದಲ ಸಲ ಕೇಳಿದಾಗ ನನ್ನ ಅಪ್ಪ ಕಣ್ಮುಂದ ಬಂದ. ಅವತ್ತಿಂದ ನಾವು ಮೊದಲ ಮಾಸ್ತರನ್ನ ಕೇಳೂದು, ಆಮ್ಯಾಲ ತಗೊಳ್ಳೂದು. ಅವರು ಕೇಳಾವು ಯಾವು ಅಂದ್ರ ಪರೀಕ್ಷಾಕ್ಕ ಬರೂ ಇಲ್ಲಿನ ಸಿಲಬಸ್ ಪುಸ್ತಕ, ನಾಕೈದು ಮಂದಿ ಒಂದ ಪುಸ್ತಕದ ಮ್ಯಾಲ ಬಗ್ಗಿ ಕುಂತಿರ್ತಾರ, ಆಮ್ಯಾಲ ದಫ್ತರಿ, ಖಡು, ಸ್ವಾಹಿಲಿ ಕಥಿ ಪುಸ್ತಕ, ಮತ್ತ ಕಮುಸಿ.

ಕಮುಸಿ ಅಂದ್ರ ಡಿಕ್ಷನರಿ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಸೆಕೆಂಡರಿ ಒಂದನೇ ಫಾರ್ಮಿನ ಹುಡುಗಿ ಒಬ್ಬಾಕಿ ಗಿಡದ ಕೆಳಗ ಕುಂತು ಕಮುಸಿ ನೋಡಿ ತನ್ನ ದಫ್ತರ್ಯಾಗ ಬರ್ಕೋಳಾಕ ಹತ್ತಿದ್ಲು, ಏನಂತ ಬಗ್ಗಿ ನೋಡಿದೆ, ಒಂದು ಕಡೆ ಫೋಟೋಸಿಂಥೆಸಿಸ್, ಅದರ ಎದುರಿಗೆ ಉಸಾನಿಸಿನೂರು. ತಮ್ಮಾ, ನಾ ಹತ್ತನೇತನಕ ಕನ್ನಡ ಮೀಡಿಯಂ, ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿ ಪೂರಾ ಮಾರ್ಕ್ಸ್ ತಗೊಂಡಾವ, ವಿಜಯಪುರದಾಗ ಪಿಯುಸಿ ಸೈನ್ಸ್ ಸೇರಿದಾಗ ಲೆಕ್ಚರರು ಫೋಟೋಸಿಂಥೆಸಿಸ್ ಅಂದ್ರ ಇದ್ಯಾವ್ದೋ ಹೊಸಾ ಪಾಠ ಅಂತ ಎರಡು ವಾರ ಬಾಯಿ ಬಿಡದ ಕುಂತಿದ್ದೆ. ಗೊತ್ತಿದ್ದ ವಿಷಯನ ಅದು, ಹೆಸರು ಅಷ್ಟ ಬ್ಯಾರೆ. ಆ ಹುಡುಗಿ ಮುಂದ ನಿಂತಾಗ ನನ್ನ ಕಣ್ಣಾಗ ನೀರು ಬಂತು. ನಾವು ಕೊಟ್ಟದ್ರಾಗ ರಟ್ಟು ಕಿತ್ತು ಹಾಳಿ ಸಡ್ಲಾಗೂತನಕ ಬಳಸಿದ್ದು ಅಂದ್ರ ಕಮುಸಿ ಒಂದ.

ಇನ್ನೊಂದು, ಸಾಲಿಗೆ ಸುಮ್ಮನ ನುಗ್ಗಂಗಿಲ್ಲ, ಜಿಲ್ಲಾ ಶಿಕ್ಷಣ ಆಫೀಸರ ಪತ್ರ ತಗೊಂಡು, ಹಳ್ಳಿ ಚೇರ್ಮನ್‌ಗೆ ತಿಳಿಸಿ ಹೋಗೂದು. ಬರೀ ವಾಲಂಟಿಯರ್ ಕೆಲಸಕ್ಕ ಬರಾವರಿಗೆ ಸಿ ಕ್ಲಾಸ್ ಅನ್ನೂ ವಾಸದ ಪರ್ಮಿಟ್ ಬ್ಯಾರೆ ಐತಿ, ನಿನ್ನ ಜೋಡಿ ಬರತೀನಿ ಅಂದ ಗೆಳೆಯಾಗ ಹೇಳು, ಟೂರಿಸ್ಟ್ ವೀಸಾದಾಗ ಬಂದು ಪಾಠ ಮಾಡ್ತೀನಿ ಅಂದ್ರ ನಡಿಯಂಗಿಲ್ಲ. ಮತ್ತ ನಾವೀಗ ಹುಡುಗೂರನ್ನ ನಿಲ್ಲಿಸಿ ಫೋಟೋ ತಗಿಯೂದು ಬಿಟ್ಟೀವಿ.

ಜನವರ್ಯಾಗ ಇಲ್ಲೆ ಸಾಲಿ ಹೊಸಾ ವರ್ಷ ಚಾಲೂ ಆಗತೈತಿ, ಎರಡನೇ ಶನಿವಾರ ಹೋಗೂದು ಐತಿ, ಗಾಡ್ಯಾಗ ನಿನಗೊಂದು ಜಾಗ ಇಟ್ಟೀರ್ತೀನಿ. ಪುಸ್ತಕದ ಚೀಲದ ಬದಲಿ ಸೇಂಗಾ ಹಿಂಡಿ, ಕಟಕ ರೊಟ್ಟಿ ತಾ. ಡಾರ್‌ನ್ಯಾಗ ಇಳದು ರೈಲು ಹತ್ತೂಕಿಂತ ಮೊದಲ ಪ್ಯಾಟ್ಯಾಗ ಎರಡು ಕಮುಸಿ ತಗೊ, ಇಂಗ್ಲಿಷಿಂದ ಸ್ವಾಹಿಲಿಗೆ ಇರೂವು, ಗಟ್ಟಿ ರಟ್ಟಿನವು. ಒಂದು ಸಾಲಿಗೆ, ಒಂದು ನಿನಗ.