ಕಿಡ್ನಿ ಕಲ್ಲಿನ ಸ್ಕ್ಯಾನ್‌ನಲ್ಲಿ ಅಮ್ಮನಿಗೆ ಅಡ್ರಿನಲ್ ಗಡ್ಡೆ ಕಂಡಿದೆ, ಬಯಾಪ್ಸಿ ಮಾಡಿಸಬೇಕಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಅಮ್ಮನಿಗೆ 58 ವರ್ಷ. ಪಕ್ಕೆನೋವು ಬಂತು, ಕಿಡ್ನಿಯಲ್ಲಿ ಕಲ್ಲಿರಬಹುದು ಅಂತ ಸಿ.ಟಿ. ಮಾಡಿಸಿದಿರಿ. ಕಲ್ಲು ಸಣ್ಣದೇ. ಆದರೆ ರಿಪೋರ್ಟಿನ ಕೊನೆಯಲ್ಲಿ ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲಿ (ಕಿಡ್ನಿಯ ಮೇಲೆ ಕೂತಿರುವ, ಹಾರ್ಮೋನು ತಯಾರಿಸುವ ಸಣ್ಣ ಗ್ರಂಥಿ) 2.3 ಸೆಂ.ಮೀ. ಗಡ್ಡೆ ಇದೆ ಅಂತ ಒಂದು ಸಾಲು. ಆರು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆ. ಯಾರೋ ಪರಿಚಯದವರು ಬೇಗ ಬಯಾಪ್ಸಿ (ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಿ ಅಂದಿದ್ದಾರೆ, ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಾನು ರೇಡಿಯಾಲಜಿಸ್ಟ್, ದಿನವಿಡೀ ಸಿ.ಟಿ. ನೋಡುವುದೇ ನನ್ನ ಕೆಲಸ. ಮೊದಲ ಮಾತು: ಸೂಜಿ ಚುಚ್ಚಿಸಬೇಡಿ. ಈಗಂತೂ ಬೇಡವೇ ಬೇಡ. ನಿಮಗೆ ಬೇಕಾದ ಉತ್ತರದ ಅರ್ಧ ಭಾಗ ಆಗಲೇ ನಿಮ್ಮ ಮನೆಯಲ್ಲಿದೆ, ಆ ಸ್ಕ್ಯಾನಿನ ಸಿ.ಡಿ.ಯಲ್ಲಿ.

ಹೇಗೆ ಅಂತ ಹೇಳುತ್ತೇನೆ. ಕಲ್ಲು ಹುಡುಕುವ ಸಿ.ಟಿ.ಯನ್ನು ಸಾಮಾನ್ಯವಾಗಿ ಡೈ (ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ) ಕೊಡದೆ ಮಾಡುತ್ತಾರೆ. ಕಲ್ಲು ತಾನೇ ಬೆಳ್ಳಗೆ ಕಾಣುತ್ತದೆ, ಡೈ ಕೊಟ್ಟರೆ ಅದರ ಬಿಳುಪಿನಲ್ಲಿ ಕಲ್ಲು ಮರೆಯಾಗಬಹುದು. ಅಡ್ರಿನಲ್ ಗಡ್ಡೆಗೂ ಮೊದಲು ಬೇಕಾಗುವುದು ಇಂಥ ಡೈ ಇಲ್ಲದ ಸ್ಕ್ಯಾನೇ. ಕಂಪ್ಯೂಟರಿನಲ್ಲಿ ಆ ಚಿತ್ರ ತೆರೆದು, ಗಡ್ಡೆಯ ಮೇಲೆ ಮೌಸ್‌ನಿಂದ ಒಂದು ವೃತ್ತ ಎಳೆಯುತ್ತೇವೆ. ಪಕ್ಕದಲ್ಲಿ ಒಂದು ಸಂಖ್ಯೆ ಬರುತ್ತದೆ. ಇದು ಹೌನ್ಸ್‌ಫೀಲ್ಡ್ ಯೂನಿಟ್, ಆ ಜಾಗ ಎಷ್ಟು ದಟ್ಟವಾಗಿದೆ ಅಂತ ಹೇಳುವ ಲೆಕ್ಕ, ಸಿ.ಟಿ. ಯಂತ್ರ ಕಂಡುಹಿಡಿದು 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರಿನ ಅಳತೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕೊಬ್ಬಿಗೆ ಹೆಚ್ಚುಕಮ್ಮಿ ಮೈನಸ್ 100. ವೃತ್ತ ಎಳೆಯುವಾಗ ಕೈ ಸ್ವಲ್ಪ ಜೋಪಾನ ಬೇಕು. ಅಂಚಿಗೆ ತಾಗಿದರೆ ಸುತ್ತಲಿನ ಕೊಬ್ಬೂ ಸೇರಿಕೊಂಡು ಸಂಖ್ಯೆ ಸುಳ್ಳಾಗಿ ಇಳಿಯುತ್ತದೆ.

ಸಂಖ್ಯೆ 10 ಅಥವಾ ಅದಕ್ಕಿಂತ ಕಡಿಮೆ ಇದ್ದು, ಗಡ್ಡೆ ಉದ್ದಗಲಕ್ಕೂ ಒಂದೇ ಬಣ್ಣದಲ್ಲಿದ್ದರೆ, ಅದು ಅಡಿನೋಮಾ ಎಂಬ ನಿರಪಾಯದ ಗಡ್ಡೆ. ಕಾರಣ ಸರಳ. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಥರದ ಹಾರ್ಮೋನುಗಳನ್ನು ಕೊಲೆಸ್ಟ್ರಾಲ್‌ನಿಂದ ತಯಾರಿಸುತ್ತದೆ. ಅದರ ಜೀವಕೋಶಗಳಲ್ಲಿ ಆ ಕೊಬ್ಬು ತುಂಬಿರುತ್ತದೆ, ಅದಕ್ಕೇ ಸಂಖ್ಯೆ ಕೆಳಗಿಳಿಯುತ್ತದೆ. 2023ರ ಯುರೋಪಿನ ಮಾರ್ಗಸೂಚಿ ಪ್ರಕಾರ ಇಂಥ ಗಡ್ಡೆಗೆ ಮತ್ತೆ ಮತ್ತೆ ಸ್ಕ್ಯಾನೂ ಬೇಕಿಲ್ಲ. ದೊಡ್ಡವರ ಹೊಟ್ಟೆಯ ಸಿ.ಟಿ. ನೋಡುತ್ತಾ ಹೋದರೆ ನೂರರಲ್ಲಿ ನಾಲ್ಕೈದು ಜನಕ್ಕೆ ಇಂಥ ಏನಾದರೊಂದು ಗಡ್ಡೆ ಸಿಗುತ್ತದೆ, ವಯಸ್ಸಾದ ಹಾಗೆ ಇನ್ನೂ ಜಾಸ್ತಿ. ಅಡ್ರಿನಲ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಬರುವುದು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಅಮ್ಮನಿಗೆ ಓದಿ ಹೇಳಿ.

10ಕ್ಕಿಂತ ಜಾಸ್ತಿ ಬಂದರೆ ಕ್ಯಾನ್ಸರ್ ಅಂತಲ್ಲ. ಅಡಿನೋಮಾಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಕೊಬ್ಬು ಕಡಿಮೆ ಇರುತ್ತದೆ. ಆಗ ಡೈ ಕೊಟ್ಟು, 15 ನಿಮಿಷದಲ್ಲಿ ಎಷ್ಟು ಬೇಗ ಅದು ಗಡ್ಡೆಯಿಂದ ಇಳಿಯುತ್ತದೆ ಅಂತ ನೋಡುವ ಸಿ.ಟಿ., ಇಲ್ಲವೇ ಎಂ.ಆರ್.ಐ., ಅಥವಾ ಒಂದು ವರ್ಷದ ನಂತರ ಮತ್ತೊಂದು ಸ್ಕ್ಯಾನ್ ಹೇಳಬಹುದು. ನನಗೆ ನಿಜವಾಗಿ ಚಿಂತೆ ಆಗುವುದು ಗಡ್ಡೆ 4 ಸೆಂ.ಮೀ. ದಾಟಿ, ಸಂಖ್ಯೆ 20ಕ್ಕಿಂತ ಮೇಲಿದ್ದಾಗ, ಅಥವಾ ಒಳಗೆಲ್ಲ ಕಲಸುಮೇಲೋಗರವಾಗಿ ಕಂಡಾಗ. ಅಮ್ಮನಿಗೆ ಹಿಂದೆ ಬೇರೆ ಕಡೆ ಕ್ಯಾನ್ಸರ್ ಆಗಿದ್ದರೂ ಲೆಕ್ಕ ಬೇರೆ. ಅದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಇನ್ನು ಬಯಾಪ್ಸಿ ಯಾಕೆ ಬೇಡ? ಒಂದು, ಸೂಜಿಯಲ್ಲಿ ಬಂದ ಚೂರು ನೋಡಿ ಇದು ಅಡಿನೋಮಾನಾ, ಅಡ್ರಿನಲ್ ಕ್ಯಾನ್ಸರಾ ಅಂತ ಖಚಿತವಾಗಿ ಹೇಳುವುದು ಕಷ್ಟ. ಎರಡನೆಯದು ಇನ್ನೂ ದೊಡ್ಡದು. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ನಲವತ್ತರ ಆಸುಪಾಸಿನ ಒಬ್ಬರು ಬಂದಿದ್ದರು. ಬೇರೆ ಕಡೆ ಬಯಾಪ್ಸಿಗೆ ಬರೆದುಕೊಟ್ಟಿದ್ದರು. ಚೀಟಿ ಕೈಯಲ್ಲಿ ಹಿಡಿದು ಕೂತಿದ್ದರು, ಅಂಗಿಯ ಬೆನ್ನು ಪೂರ್ತಿ ಒದ್ದೆ. ಹೊರಗೆ ಅಂಥ ಸೆಕೆ ಏನೂ ಇರಲಿಲ್ಲ. ಕೇಳಿದರೆ, ಆಗಾಗ ತಲೆ ಸಿಡಿಯುತ್ತದೆ, ಎದೆ ಡವಡವ ಅನ್ನುತ್ತದೆ, ಎಲ್ಲರೂ ಸುಮ್ನೆ ಗಾಬರಿ ಅಂತಾರೆ ಅಂದರು. ಹಳೆಯ ಸ್ಕ್ಯಾನ್ ತೆರೆದು ವೃತ್ತ ಎಳೆದೆ. 38 ಬಂತು. ಸೂಜಿ ಪಕ್ಕಕ್ಕಿಟ್ಟು ರಕ್ತ ಕಳಿಸಿದೆವು. ಅಡ್ರಿನಲಿನ್ ಒಡೆದು ಆಗುವ ಮೆಟನೆಫ್ರಿನ್ ಎಂಬ ವಸ್ತು ತುಂಬಾ ಜಾಸ್ತಿ ಇತ್ತು. ಅದು ಫಿಯೊಕ್ರೊಮೊಸೈಟೋಮಾ (ಚಿಕ್ಕದಾಗಿ ಫಿಯೊ), ಅಡ್ರಿನಲಿನ್ ಥರದ ಹಾರ್ಮೋನುಗಳನ್ನು ರಕ್ತಕ್ಕೆ ಸುರಿಯುವ ಗಡ್ಡೆ. ಅದಕ್ಕೆ ಸೂಜಿ ತಾಗಿದರೆ ಬಿ.ಪಿ. ಒಮ್ಮೆಲೇ ಏರಿ ಜೀವಕ್ಕೇ ಕುತ್ತು ಬರಬಹುದು. ಆಪರೇಷನ್‌ಗೂ ಮೊದಲು ಅವರಿಗೆ ಎರಡು ವಾರ ಮಾತ್ರೆ ಕೊಟ್ಟು ಬಿ.ಪಿ. ಹದಕ್ಕೆ ತಂದರು. ಈಗ ಚೆನ್ನಾಗಿದ್ದಾರೆ. ಆ ಒದ್ದೆ ಅಂಗಿ ನನಗೆ ಇಂದಿಗೂ ಮರೆತಿಲ್ಲ.

ಬೇರೆ ಅಂಗದ ಕ್ಯಾನ್ಸರ್ ಇಲ್ಲಿಗೆ ಹರಡಿದೆಯಾ ಅಂತ ತಿಳಿಯಬೇಕಾದಾಗ, ಅಥವಾ ಎರಡೂ ಕಡೆ ಗಡ್ಡೆ ಇದ್ದು ಟಿ.ಬಿ. ಅನುಮಾನ ಬಂದಾಗ ಬಯಾಪ್ಸಿಗೆ ಅರ್ಥ ಇದೆ. ನಮ್ಮ ದೇಶದಲ್ಲಿ ಈ ಎರಡನೆಯದನ್ನು ಮರೆಯುವ ಹಾಗಿಲ್ಲ. ಆದರೆ ಆಗಲೂ ಫಿಯೊ ಅಲ್ಲ ಅಂತ ಮೊದಲು ಗೊತ್ತಾಗಿರಬೇಕು.

ಉಳಿದರ್ಧ ಉತ್ತರ ರಕ್ತದಲ್ಲಿದೆ. ಗಡ್ಡೆ ನಿರಪಾಯದ್ದೇ ಇರಬಹುದು, ಆದರೂ ಹಾರ್ಮೋನು ಹೆಚ್ಚು ಮಾಡುತ್ತಿರಬಹುದು ಅಲ್ವಾ? ಸಿ.ಟಿ.ಗೆ ಅದು ಕಾಣುವುದಿಲ್ಲ. ಕಾರ್ಟಿಸಾಲ್‌ಗೆ ಒಂದು ಸುಲಭ ಪರೀಕ್ಷೆ ಇದೆ: ರಾತ್ರಿ 11ರ ಹೊತ್ತಿಗೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ನುಂಗಿ, ಬೆಳಿಗ್ಗೆ 8ಕ್ಕೆ ರಕ್ತ ಕೊಡುವುದು. ಕಾರ್ಟಿಸಾಲ್ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಗೆ ಇಳಿದಿದ್ದರೆ ಆ ಚಿಂತೆ ಬಿಡಬಹುದು. ಮಾತ್ರೆಯನ್ನು ಡಾಕ್ಟರ್ ಬರೆದುಕೊಟ್ಟ ಮೇಲೇ ತಗೊಳ್ಳಿ. ಸಿ.ಟಿ. ಸಂಖ್ಯೆ 10ರ ಒಳಗಿದ್ದರೆ ಮೆಟನೆಫ್ರಿನ್ ಪರೀಕ್ಷೆ ಬೇಕಾಗುವುದಿಲ್ಲ, ಫಿಯೊ ಅಷ್ಟು ಕೆಳಗೆ ಬರುವುದು ಇಲ್ಲವೆನ್ನುವಷ್ಟು ಅಪರೂಪ.

ಅಮ್ಮನಿಗೆ ಬಿ.ಪಿ. ಇದೆಯಲ್ಲ, ಆದ್ದರಿಂದ ಆಲ್ಡೊಸ್ಟಿರೋನ್ (ದೇಹದಲ್ಲಿ ಉಪ್ಪು ಹಿಡಿದಿಡುವ ಅಡ್ರಿನಲ್ ಹಾರ್ಮೋನು) ಮತ್ತು ರೆನಿನ್ (ಅದನ್ನು ನಿಯಂತ್ರಿಸುವ ಕಿಡ್ನಿಯ ವಸ್ತು) ಎರಡನ್ನೂ ಒಟ್ಟಿಗೆ ನೋಡಲೇಬೇಕು, ಜೊತೆಗೆ ಪೊಟ್ಯಾಸಿಯಂ. ಜೆರೋಮ್ ಕಾನ್ ಎಂಬ ಅಮೆರಿಕದ ವೈದ್ಯರು 1955ರಲ್ಲಿ ತೋರಿಸಿಕೊಟ್ಟ ಕಾಯಿಲೆ ಇದು. ಆಲ್ಡೊಸ್ಟಿರೋನ್ ಹೆಚ್ಚಾಗಿ ಬಿ.ಪಿ. ಏರುತ್ತದೆ. ಇದು ಸಿಕ್ಕರೆ ಒಳ್ಳೆಯದೇ ಅನ್ನುತ್ತೇನೆ, ಯಾಕೆಂದರೆ ಆರು ವರ್ಷದ ಬಿ.ಪಿ.ಗೆ ಒಂದು ಕಾರಣ ಸಿಕ್ಕ ಹಾಗೆ, ಅದಕ್ಕೆ ಸರಿಯಾದ ಔಷಧಿಯೂ ಇದೆ. ಆದರೆ ಹೆಚ್ಚು ಬಂದ ತಕ್ಷಣ ಎಡಗಡೆಯ ಗಡ್ಡೆಯೇ ಕಳ್ಳ ಅಂತ ತೀರ್ಮಾನಿಸಬಾರದು. ಕೆಲವೊಮ್ಮೆ ಗಡ್ಡೆ ಎಡಕ್ಕಿದ್ದರೂ ಹಾರ್ಮೋನು ಬರುತ್ತಿರುವುದು ಬಲಗಡೆಯಿಂದ. ಆಪರೇಷನ್ ಮಾತು ಬಂದರೆ ಎರಡೂ ಕಡೆಯ ರಕ್ತನಾಳದಿಂದ ರಕ್ತ ತೆಗೆದು ಹೋಲಿಸುವ ಪರೀಕ್ಷೆಯ ಬಗ್ಗೆ ಕೇಳಿ. ಕೆಲವು ಬಿ.ಪಿ. ಮಾತ್ರೆಗಳು ಈ ಲೆಕ್ಕ ಕೆಡಿಸುತ್ತವೆ, ಆದರೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ನಾಳೆ ಸ್ಕ್ಯಾನ್ ಸೆಂಟರಿಗೆ ಹೋಗಿ, ಡೈ ಇಲ್ಲದ ಚಿತ್ರದಲ್ಲಿ ಗಡ್ಡೆಯ ಹೌನ್ಸ್‌ಫೀಲ್ಡ್ ಸಂಖ್ಯೆ ಎಷ್ಟು ಅಂತ ರಿಪೋರ್ಟಿನಲ್ಲಿ ಸೇರಿಸಿಕೊಡಲು ಕೇಳಿ. ಕೇಳಲು ಸಂಕೋಚ ಬೇಡ, ಅಳೆಯುವುದು ಒಂದು ನಿಮಿಷದ ಕೆಲಸ. ಆಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಹತ್ತಿರ ಹೋಗಿ. ಸಿ.ಡಿ., ಬಿ.ಪಿ. ಮಾತ್ರೆಗಳ ಪಟ್ಟಿ, ಹಳೆಯ ಹೊಟ್ಟೆ ಸ್ಕ್ಯಾನ್ ಯಾವುದಾದರೂ ಇದ್ದರೆ ಅದನ್ನೂ ಒಯ್ಯಿರಿ. ಐದು ವರ್ಷದ ಹಿಂದಿನ ಸಿ.ಟಿ.ಯಲ್ಲೂ ಇದೇ ಗಡ್ಡೆ ಇಷ್ಟೇ ಗಾತ್ರದಲ್ಲಿ ಕೂತಿದ್ದರೆ ಅದೂ ದೊಡ್ಡ ಸಮಾಧಾನ. ಸಂಖ್ಯೆ ಸಿಕ್ಕಿದ ಮೇಲೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.